ಮೂರು ಲಾಕ್ ನಟ್ಟು, ಒಂದು ಹೆಬ್ಬೆಟ್ಟು

"ಎಡಗಡೆ ತಗಡು ಚೂಪಾಗಿ ಅದೆ ಅಕ್ಕಾವ್ರೆ. ಕೈ ಜ್ವಾಪಾನ."

ಹೇಳಿದವನು ಸಿದ್ದೇಶ. ತಾಳವಾಡಿ ಠಾಣೆಯ ಹಿತ್ತಲಿನಲ್ಲಿ, ಪೊಲೀಸ್ ಜೀಪಿನ ನೆರಳಿಗೆ ಅವನನ್ನು ಕೂರಿಸಿದ್ದರು. ಬಲಗೈಗೆ ಬೇಡಿ ಹಾಕಿ ಜೀಪಿನ ಕಂಬಿಗೆ ಸಿಕ್ಕಿಸಿದ್ದರು. ನುಜ್ಜುಗುಜ್ಜಾದ ಕಾರಿನಡಿ ಅಂಗಾತ ಮಲಗಿದ್ದ ಶೈಲಶ್ರೀ ಕೈ ಹಿಂದಕ್ಕೆ ಎಳೆದುಕೊಂಡಳು. ಸೀಳಿದ ತಗಡು ಅವಳ ಮಣಿಕಟ್ಟಿಗೆ ಬೆರಳಷ್ಟು ಹತ್ತಿರದಲ್ಲಿತ್ತು.

ಇನ್ನು ಸ್ವಲ್ಪ ಹೊತ್ತಿಗೆ ಅವನನ್ನು ಜೈಲಿಗೆ ಕಳಿಸುವ ಕಾಗದಕ್ಕೆ ರುಜು ಹಾಕಬೇಕಾದವಳು ಅವಳೇ. ಅವಳ ಕೈ ಕೊಯ್ಯದಿರಲಿ ಎಂದು ಅವನಿಗೆ ಚಿಂತೆ.

ಶನಿವಾರ ಮಧ್ಯಾಹ್ನ ಈ ಕಪ್ಪು ಸೆಡಾನು ದಿಂಬಂ ಘಾಟಿಯ ಹತ್ತೊಂಬತ್ತನೇ ತಿರುವಿನಲ್ಲಿ ಕಣಿವೆಗೆ ಉರುಳಿ, ಅದರ ಒಡೆಯ ಹರ್ಷವರ್ಧನ ಸತ್ತಿದ್ದ. ಕಾರಿಗೆ ಬೇರೆ ಗೇರ್‌ಬಾಕ್ಸ್ ಕೂರಿಸಿಕೊಟ್ಟ ಸಿದ್ದೇಶ, "ನಟ್ಟು ಬಿಗಿಯೋದ ಮರ್ತೆ" ಎಂದು ತಾನಾಗಿಯೇ ಬಂದು ಒಪ್ಪಿಕೊಂಡಿದ್ದ.

ಸಬ್‌ಇನ್‌ಸ್ಪೆಕ್ಟರ್ ದಯಾನಂದ್ ಜಗುಲಿಯಿಂದ ಇಣುಕಿದ. ಘಟ್ಟದ ಕೆಳಗಿನ ತಮಿಳು ಸೀಮೆಯಿಂದ ವರ್ಗವಾಗಿ ಬಂದವನು. ಕನ್ನಡ ಇನ್ನೂ ಅವನ ಬಾಯಲ್ಲಿ ತಡವರಿಸುತ್ತಿತ್ತು.

"ಮೇಡಂ, ನಾಲು ಗಂಟೆಗೆ ಸತ್ಯಮಂಗಲ ಕೋರ್ಟು. ಒಂದು ಲೈನ್ ಸಾಕು. ಮೆಕ್ಯಾನಿಕ್ ತಪ್ಪಾ, ಬೇರೆಯಾ?"

"ಇನ್ನೊಂದು ಗಂಟೆ ಕೊಡಿ ಸಾರ್."

"ಪರವಾಯಿಲ್ಲೆ," ಎಂದು ಅವನು ಒಂದು ಗೋಣಿಚೀಲ ತಂದು, ಅವಳ ಬೆನ್ನಿನಡಿ ಕಲ್ಲು ಒತ್ತದ ಹಾಗೆ ತಾನೇ ಹಾಸಿ ಹೋದ.

ಶೈಲಶ್ರೀ ವಿಮಾ ಕಂಪನಿಯ ಸರ್ವೇಯರು. ಕೆಲಸ ಈರೋಡಿನಲ್ಲಿ, ಹುಟ್ಟಿದ್ದು ಬೆಳೆದಿದ್ದು ಗುಮಟಾಪುರದಲ್ಲಿ, ಸಿದ್ದೇಶನ ಮನೆಯ ಎದುರುಸಾಲಿನಲ್ಲಿ. ಗೇರ್‌ಬಾಕ್ಸ್ ಬಿಚ್ಚಿ ಅದು ಹೇಳುವುದನ್ನು ಓದಬಲ್ಲವರು ಈ ಗುಡ್ಡದ ಮೇಲೆ ಬೇರೆ ಯಾರೂ ಇರಲಿಲ್ಲ. ಬಿಚ್ಚಬಲ್ಲ ಇನ್ನೊಬ್ಬ ಬೇಡಿ ಹಾಕಿಸಿಕೊಂಡು ಕೂತಿದ್ದ.

ಕಾರು ನಾನೂರು ಕುದುರೆ ಶಕ್ತಿಯದು. ಬಂದಾಗ ಅದರೊಳಗೆ ಇದ್ದದ್ದು ತಾನೇ ಗೇರ್ ಬದಲಿಸಿಕೊಳ್ಳುವ ಆಟೊಮ್ಯಾಟಿಕ್ ಪೆಟ್ಟಿಗೆ. ತಲಮಲೆಯ ಕಾಡಂಚಿನಲ್ಲಿ ಅತಿಥಿಗೃಹ ಕಟ್ಟಿಸಿದ್ದ ಹರ್ಷವರ್ಧನನಿಗೆ ಅದು ಸಪ್ಪೆಯಾಯಿತು. ಘಾಟಿಯಲ್ಲಿ ಕ್ಲಚ್ ತುಳಿದು, ಕೈಯಲ್ಲೇ ಗೇರ್ ಎಳೆದು ಓಡಿಸುವ ಗಮ್ಮತ್ತು ಬೇಕೆಂದ. ಪೇಟೆಯ ದೊಡ್ಡ ವರ್ಕ್‌ಶಾಪಿನವರು ಎರಡು ತಿಂಗಳು ಕೇಳಿದ ಕೆಲಸವನ್ನು ಸಿದ್ದೇಶ ತನ್ನ ತಗಡಿನ ಶೆಡ್ಡಿನಲ್ಲಿ ಇಪ್ಪತ್ತೆರಡು ದಿನದಲ್ಲಿ ಮುಗಿಸಿದ್ದ. ಹಳೆಯ ಪೆಟ್ಟಿಗೆ ಇಳಿಸಿ ಆರು ಗೇರಿನ ಮ್ಯಾನ್ಯುಯಲ್ ಕೂರಿಸಿದ್ದ. ಇಲ್ಲದ ಕ್ಲಚ್ ಪೆಡಲಿಗೆ ಜಾಗ ಮಾಡಿದ್ದ. ಹಿಂದಿನ ಚಕ್ರಕ್ಕೆ ಎಳೆತ ಒಯ್ಯುವ ಉದ್ದನೆಯ ಶಾಫ್ಟನ್ನು ಲೇತಿಗೆ ಕೊಟ್ಟು ಹೊಸ ಪೆಟ್ಟಿಗೆಯ ಅಳತೆಗೆ ತಂದಿದ್ದ. ಇಷ್ಟು ಪೆಟ್ಟು ತಿಂದ ಮೇಲೂ ಅವನು ಹಾಕಿದ ವೈರುಗಳು ಬಾಚಿ ಹೆಣೆದ ಜಡೆಯ ಹಾಗೆ ಕೂತಲ್ಲೇ ಕೂತಿದ್ದವು.

ಸೋತದ್ದು ಒಂದೇ ಜಾಗ. ಶಾಫ್ಟನ್ನು ಗೇರ್‌ಬಾಕ್ಸಿನ ಹಿಂಬದಿಗೆ ಸೇರಿಸುವಲ್ಲಿ ಮೂರು ಬೋಲ್ಟು, ಮೂರು ಲಾಕ್ ನಟ್ಟು. ಎರಡು ನಟ್ಟು ಇರಲಿಲ್ಲ. ಕಳಚಿದ ಶಾಫ್ಟು ಗಿರ್ರನೆ ಸುತ್ತಿ ಬ್ರೇಕ್ ಪೈಪನ್ನು ಕತ್ತರಿಸಿತ್ತು. ಇಳಿಜಾರಿನಲ್ಲಿ ಎಂಜಿನ್ನೂ ಹಿಡಿಯಲಿಲ್ಲ, ಬ್ರೇಕೂ ಹಿಡಿಯಲಿಲ್ಲ.

ಅವಳು ಟಾರ್ಚನ್ನು ಇನ್ನಷ್ಟು ಮೇಲಕ್ಕೆ, ಶಾಖ ತಡೆಯುವ ತಗಡಿನ ಸಂದಿಗೆ ತಿರುಗಿಸಿದಳು. ಹಳೆಯ ಗೇರ್‌ಬಾಕ್ಸ್ ಇಳಿಸಿದವನಿಗಲ್ಲದೆ ಬೇರೆ ಯಾರ ಕಣ್ಣಿಗೂ ಬೀಳದ ಜಾಗ ಅದು. ಅಲ್ಲಿ ಏನೋ ಕರ್ರಗೆ ಸಿಕ್ಕಿಕೊಂಡಿತ್ತು. ಇಕ್ಕಳದಲ್ಲಿ ಎಳೆದಳು.

ಗೇಣುದ್ದದ ಕರಿ ಕಂಬಳಿಯ ಚೂರು. ಅಂಚಿಗೆ ಕೆಂಪು ನೂಲಿನ ಹೊಲಿಗೆ.

ಶೈಲಶ್ರೀ ಅದನ್ನು ಟಾರ್ಚಿನ ಬೆಳಕಿಗೆ ಹಿಡಿದಳು. ಆ ಕೆಂಪು ಹೊಲಿಗೆ ಅವಳಿಗೆ ಗೊತ್ತು. ಮಂಜು ಸುರಿಯುವ ಬೆಳಗುಗಳಲ್ಲಿ ಇಸ್ಕೂಲಿಗೆ ಹೊರಟವಳ ತಲೆಯ ಮೇಲೆ ಆ ಕಂಬಳಿ ಹೊದಿಸಿ, ತಾನು ನೆನೆಯುತ್ತ ಅರ್ಧ ಮೈಲಿ ಜೊತೆಗೆ ಬರುತ್ತಿದ್ದವಳು ನಂಜುಂಡಮ್ಮ, ಸಿದ್ದೇಶನ ತಾಯಿ. ಹೋದ ಜನವರಿಯಲ್ಲಿ ಜೀರಹಳ್ಳಿ ರಸ್ತೆಯಲ್ಲಿ ಕುರಿ ಹೊಡೆದುಕೊಂಡು ಬರುತ್ತಿದ್ದ ಅವಳಿಗೆ ಯಾವುದೋ ಗಾಡಿ ಬಡಿದು ನಿಲ್ಲದೆ ಹೋಗಿತ್ತು. ಗಾಡಿ ಯಾವುದೆಂದು ತಿಳಿಯಲೇ ಇಲ್ಲ. ಹನ್ನೊಂದು ತಿಂಗಳು ಮಲಗಿದಲ್ಲೇ ಮಲಗಿದ್ದು, ಹೋದ ಗುರುವಾರ ಬೆಳಕು ಹರಿಯುವಾಗ ನಂಜುಂಡಮ್ಮ ತೀರಿಕೊಂಡಳು.

ಅವಳು ಚೂರನ್ನು ಮುಷ್ಟಿಯಲ್ಲಿ ಹಿಡಿದು ಹೊರಗೆ ತೆವಳಿ ಬಂದಳು. ಸಿದ್ದೇಶನ ಮುಂದೆ ಕುಕ್ಕರುಗಾಲಲ್ಲಿ ಕೂತು ಮುಷ್ಟಿ ಬಿಚ್ಚಿದಳು.

ಅವನು ನೋಡಿದ. ಅತ್ತ ಮುಖ ತಿರುಗಿಸಿದ.

"ನಿನಗೆ ಗೊತ್ತಿತ್ತು," ಎಂದಳು.

"ಅಳೇ ಬಾಕ್ಸು ಇಳ್ಸಿದ ದಿಸ್ವೇ ಕಂಡೆ."

"ಕಂಡೂ ಕೆಲಸ ಮಾಡಿದೆಯಾ?"

"ಒಪ್ಕಂಡಿದ್ನಲ್ಲ. ಅವ್ವ ಇನ್ನೂ ಉಸ್ರಾಡ್ತಾ ಇದ್ಲು. ನಿನ್ನ ಬಡ್ದ ಗಾಡಿ ನಮ್ಮ ಶೆಡ್ನಲ್ಲೇ ನಿಂತದೆ ಅಂತ ಅವ್ಳಿಗೆ ಎಂಗೇಳನ? ಅವ್ವನ ಮಣ್ಣು ಮಾಡಿ ಬಂದ್ಮೇಲೆ ಅಣ್ಣಯ್ಯಂಗೆ ಏಳ್ದೆ. ತಿಥಿ ಮುಗೀಲಿ ಕಣ್ಲಾ ಸಿದ್ದ, ಆಮೇಕೆ ಇಬ್ರೂ ಠಾಣೆಗೆ ಓಗನ ಅಂದ್ರು. ಅದ್ಕೆ ಚೂರ ಅಲ್ಲೇ ಬುಟ್ಟಿದ್ದೆ."

ಅಣ್ಣಯ್ಯ ಎಂದರೆ ಉಮಾಶಂಕರ್, ಶೈಲಶ್ರೀಯ ಒಡಹುಟ್ಟಿದ ಅಣ್ಣ. ಅವನು ಹುಟ್ಟಿದಾಗ ಅವರ ತಾಯಿಗೆ ಹಾಲು ಬರಲಿಲ್ಲ. ಚೊಚ್ಚಲ ಕೂಸನ್ನು ಕಳೆದುಕೊಂಡಿದ್ದ ನಂಜುಂಡಮ್ಮ ತನ್ನ ಎದೆಹಾಲು ಕೊಟ್ಟು ಅವನನ್ನು ಉಳಿಸಿದಳು. ಅವಳು ಮಲಗಿದ ಹನ್ನೊಂದು ತಿಂಗಳಲ್ಲಿ ತಿಂಗಳಿಗೊಮ್ಮೆ ಅವಳನ್ನು ಎತ್ತಿ ಜೀಪಿನಲ್ಲಿ ಮಲಗಿಸಿ ಚಾಮರಾಜನಗರದ ಆಸ್ಪತ್ರೆಗೆ ಒಯ್ದವನು ಅವನೇ.

"ಸಿದ್ದೇಶ, ಈ ಚೂರು ಇನ್‌ಸ್ಪೆಕ್ಟರ್ ಕಣ್ಣಿಗೆ ಬಿದ್ದರೆ ಮರೆತ ಅನ್ನೋದಿಲ್ಲ. ಬೇಕೂಂತಲೇ ಕೊಂದ ಅಂತಾರೆ."

"ಅದ್ಕೇ ಮರ್ತೆ ಅಂದಿದ್ದು. ಹಂಗೇ ಬರ್ಕಳಿ."

"ಕಾರು ಅವನ ಕೈಗೆ ಹೋದದ್ದು ಹೇಗೆ?"

"ಶನ್ವಾರ ನಾವೆಲ್ಲ ಆಲುತುಪ್ಪ ಬುಡಕೆ ಮಸಣಕ್ಕೋಗಿದ್ದೋ. ಕೀ ಶೆಡ್ನಲ್ಲಿ ಮೊಳೆಗೆ ತಗಲಾಕಿತ್ತು. ಅವರೇ ಬಂದು ತಕಂಡೋಗವ್ರೆ."

ಸಾವಿನ ಮನೆ ಎಂದು ಗೊತ್ತಿದ್ದೂ ಬಂದು ಕಾರು ಒಯ್ದಿದ್ದ. ಸತ್ತವನ ಮೇಲೆ ಕರುಣೆ ತಂದುಕೊಳ್ಳಲು ಎರಡು ದಿನದಿಂದ ಶೈಲಶ್ರೀ ಹೆಣಗುತ್ತಿದ್ದಳು. ಬರುತ್ತಿರಲಿಲ್ಲ.

ಅವಳು ಮತ್ತೆ ಕಾರಿನಡಿ ನುಸುಳಿದಳು. ಉಳಿದಿದ್ದ ಒಂದೇ ಒಂದು ನಟ್ಟಿನ ಮೇಲೆ ಬೆಳಕು ಬಿಟ್ಟಳು.

ಸಿದ್ದೇಶನ ಕೆಲಸಕ್ಕೆ ಒಂದು ಗುರುತಿದೆ. ದೀಪಾವಳಿಯಾದ ಮೇಲೆ ಬೀರೇಶ್ವರನ ಗುಡಿಯ ಮುಂದೆ ಗಂಡಸರೆಲ್ಲ ಸಗಣಿ ಎರಚಾಡಿ ಹಬ್ಬ ಮುಗಿದಾಗ, ಉಳಿದ ಗುಡ್ಡೆಯಿಂದ ಊರವರು ಹೊಲಕ್ಕೆ ಹೊರುತ್ತಾರೆ. ನಂಜುಂಡಮ್ಮ ಮಾತ್ರ ಒಂದು ಹಿಡಿ ಮನೆಗೆ ತಂದು, ಬೀರಪ್ಪನ ಅರಿಶಿನ ಕಲಸಿ, ಕುಡಿಕೆಯಲ್ಲಿ ಇಡುತ್ತಿದ್ದಳು. ಸಿದ್ದೇಶ ನಟ್ಟು ಬಿಗಿದು ಮುಗಿಸಿದ ಮೇಲೆ, ಆ ಸಗಣಿಯನ್ನು ನೀರಿನಲ್ಲಿ ನಾದಿ, ನಟ್ಟಿಗೂ ಪಕ್ಕದ ಕಬ್ಬಿಣಕ್ಕೂ ಸೇರುವ ಹಾಗೆ ಹೆಬ್ಬೆಟ್ಟಿನಿಂದ ಒತ್ತುತ್ತಾನೆ. ಎಂಜಿನ್ ಶಾಖಕ್ಕೆ ಅದು ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ನಟ್ಟು ರಾಗಿಕಾಳಿನಷ್ಟು ತಿರುಗಿದರೂ ಬಿರುಕು ಬಿಡುತ್ತದೆ. ದೇವರ ಕಾವಲೂ ಆಯಿತು, ಕೆಲಸದ ಸಾಕ್ಷಿಯೂ ಆಯಿತು.

ಈ ನಟ್ಟಿನ ಮೇಲೆ ಹೆಬ್ಬೆಟ್ಟು ಇತ್ತು. ಒಂದಲ್ಲ, ಎರಡು.

ಕೆಳಗಿನದು ಬೆಂದು ಕಂದಾಗಿ, ನಡುವೆ ಬಿರಿದಿತ್ತು. ಅದರ ಮೇಲೆ ಇನ್ನೊಂದು ಒತ್ತು. ಅರಿಶಿನ ಇನ್ನೂ ಮಾಸಿರಲಿಲ್ಲ. ನಟ್ಟು ಹೋದ ಎರಡು ಬೋಲ್ಟುಗಳ ಪಕ್ಕದಲ್ಲೂ ಅದೇ ಎರಡು ಪದರದ ಅರ್ಧಚಂದ್ರ ಅಂಟಿಕೊಂಡಿತ್ತು.

ಅಂದರೆ ಸಿದ್ದೇಶ ಬಿಗಿದಿದ್ದ. ಆಮೇಲೆ ಯಾರೋ ಬಿಚ್ಚಿದ್ದರು. ಬಿಚ್ಚಿದ್ದು ತಿಳಿಯದ ಹಾಗೆ ಮತ್ತೆ ಹಾಕಿ, ಅವನ ಗುರುತನ್ನೇ ಒತ್ತಿದ್ದರು.

ಉಳಿದ ನಟ್ಟನ್ನು ಬೆರಳಿನಲ್ಲಿ ತಿರುಗಿಸಿದಳು. ಸಲೀಸಾಗಿ ಬಂತು. ಒಳಗೆ ಬೋಲ್ಟನ್ನು ಕಚ್ಚಿ ಹಿಡಿಯಬೇಕಾದ ನೈಲಾನ್ ಬಳೆ ಸವೆದು ನುಣ್ಣಗಾಗಿತ್ತು.

ಹೊರಗೆ ಬಂದು ನಟ್ಟನ್ನು ಅಂಗೈಯಲ್ಲಿ ಇಟ್ಟು ಅವನ ಮುಂದೆ ಚಾಚಿದಳು.

"ಹಿಡಿದು ನೋಡು. ನೀನು ಹಾಕಿದ ಹೊಸ ನಟ್ಟು ಹೀಗಿರುತ್ತಾ?"

ಅವನು ಕತ್ತು ಚಾಚಿ ನೋಡಿದ. "ಇದು ಒಂದ್ಸಲ ಬಿಚ್ಚಿ ಮತ್ತಾಕಿರೋದು. ಬಿಚ್ಚಿದ ಲಾಕ್ ನಟ್ಟ ಎಸೀಬೇಕು ಅಕ್ಕಾವ್ರೆ, ಮತ್ತಾಕಿದ್ರೆ ಅದುರಾಟಕ್ಕೆ ಕಳಚ್ಕತದೆ. ಓದ್ವರ್ಸ ಅಣ್ಣಯ್ಯನ ಟ್ರ್ಯಾಕ್ಟರ್ದು ಇಂಗೇ ಆಗಿ, ಪುಲ್ಲಿ ಆರ್ಕಂಡೋಗಿ ಗ್ವಾಡೆಗೆ ಬಿತ್ತು. ಆವತ್ತು ಅವ್ರಿಗೂ ಬೈದೆ."

ಹೇಳಿದ ಮೇಲೆ ಅವನಿಗೆ ತಾನು ಏನು ಹೇಳಿದೆನೆಂದು ಹೊಳೆಯಿತು.

"ಹಾಗಾದರೆ ಮರೆತವನು ನೀನಲ್ಲ. ಹಿಡಿದು ನೋಡು ಅಂದೆ."

ಅವನು ಬಿಡುಗಡೆಯಿದ್ದ ಎಡಗೈಯನ್ನು ಬೆನ್ನ ಹಿಂದಕ್ಕೆ ಒಯ್ದ.

"ಬ್ಯಾಡಿ. ಬೀರಪ್ಪನ ಸಗಣಿ ಅದೆ ಅದ್ರಲ್ಲಿ. ಸೂತಕದೋನು ಮುಟ್ಟಂಗಿಲ್ಲ."

ಒಂದು ಸಾವನ್ನು ತಲೆಯ ಮೇಲೆ ಹೊತ್ತುಕೊಳ್ಳಲು ತಯಾರಿದ್ದ ಮನುಷ್ಯ, ಕಾಳಿನಷ್ಟು ಒಣಸಗಣಿಯನ್ನು ಮುಟ್ಟಲು ಹೆದರಿ ಕೈ ಬಚ್ಚಿಟ್ಟುಕೊಂಡಿದ್ದ. ಶೈಲಶ್ರೀ ಅವನ ಮುಖವನ್ನೇ ನೋಡಿದಳು.

"ಅವ್ವ ಹೋದದ್ದು ಗುರುವಾರ ಬೆಳಗ್ಗೆ. ನೀನು ಹೆಬ್ಬೆಟ್ಟು ಒತ್ತಿದ್ದು?"

"ಬುಧ್ವಾರ. ಬೆಳಕಿದ್ದಂಗೇ ಮುಗ್ಸಿ, ಒಂದು ಸುತ್ತು ಓಡ್ಸಿ ತಂದು ನಿಲ್ಸಿದ್ದೆ."

"ಗುರುವಾರದ ಮೇಲೆ ನಿಮ್ಮ ಮನೇಲಿ ಯಾರಾದರೂ ಆ ಕುಡಿಕೆ ಮುಟ್ಟಿದರಾ? ನಿಮ್ಮಪ್ಪ? ಪ್ರೇಮ?"

"ಅನ್ನೊಂದು ದಿನ ಯಾರು ಮುಟ್ಟತಾರೆ? ಬಾಯಿಗೆ ಬಟ್ಟೆ ಕಟ್ಟಿ ಸೂರಿಗೆ ಏರ್ಸವ್ರೆ. ಗಂಟೂ ಬಿಚ್ಚಿಲ್ಲ."

ಅವನ ಮಾತನ್ನು ಅವಳು ನಂಬಿದಳು. ಸೂತಕದಲ್ಲಿ ಅದನ್ನು ಮುಟ್ಟುವ ಕೈ ಆ ಮನೆಯಲ್ಲಿಲ್ಲ. ಎರಡನೇ ಹೆಬ್ಬೆಟ್ಟು ಒತ್ತಿದವರಿಗೆ ಸೂತಕದ ನೆನಪೇ ಬಂದಿರಲಿಲ್ಲ. ಬಂದಿದ್ದರೆ, ಸಿದ್ದೇಶನ ಹೆಸರಿನಲ್ಲಿ ಒತ್ತಿದ ಆ ಗುರುತು ಸಿದ್ದೇಶನದಲ್ಲ ಎಂದು ತಾನೇ ಸಾರುತ್ತದೆ ಎಂದು ಅವರಿಗೆ ತಿಳಿಯುತ್ತಿತ್ತು.

ಸಾವಿಗೆ ಸೂತಕ ಹಿಡಿಯದ ಮನೆ ಯಾವುದು?

ಅವಳಿಗೆ ಹುಡುಕಬೇಕಾಗಿರಲಿಲ್ಲ. ಅವಳ ಕೊರಳಿನಲ್ಲೇ ಲಿಂಗವಿತ್ತು. ಅಪ್ಪ ಸತ್ತ ದಿನವೂ ಅಜ್ಜಿ ಅವಳಿಗೆ ಕೈಕಾಲು ತೊಳೆಸಿ ಲಿಂಗಪೂಜೆಗೆ ಕೂರಿಸಿದ್ದಳು. ಲಿಂಗ ಕಟ್ಟಿದವರಿಗೆ ಸೂತಕವೆಲ್ಲಿ ಬಂತು ಮಗಾ, ಎಂದಿದ್ದಳು.

ನಂಜುಂಡಮ್ಮನ ಕೈಯ ಕುಡಿಕೆ ಊರಿನಲ್ಲಿ ಎರಡೇ. ಒಂದು ಅವಳ ಮನೆಯದು. ಇನ್ನೊಂದನ್ನು ವರ್ಷವರ್ಷವೂ ಸೆರಗಿನಲ್ಲಿ ಮರೆಮಾಡಿ ತಂದು, "ನನ್ನ ಆಲುಮಗನ ಪಾಲು" ಎಂದು ಶೈಲಶ್ರೀಯ ತವರುಮನೆಯ ಗೂಡಿನಲ್ಲಿ ಇಟ್ಟು ಹೋಗುತ್ತಿದ್ದಳು. ಉಮಾಶಂಕರ್ ಅದನ್ನು ಟ್ರ್ಯಾಕ್ಟರಿಗೂ ಪಂಪ್‌ಸೆಟ್ಟಿಗೂ ಹಚ್ಚುತ್ತಿದ್ದ.

ಹೊರಗೆ ಜೀಪು ನಿಂತ ಸದ್ದು. ಬಂದವನು ಉಮಾಶಂಕರನೇ. ಕೈಯಲ್ಲಿ ಊಟದ ಡಬ್ಬಿ, ಕಂಕುಳಲ್ಲಿ ಮಡಿಸಿದ ಒಂದು ಸ್ವೆಟರು. ತಂಗಿಯನ್ನು ನೋಡಿ ತಲೆಯಾಡಿಸಿ, ಮೊದಲು ಸಿದ್ದೇಶನ ಬಳಿಗೆ ಹೋದ. ಸ್ವೆಟರನ್ನು ಅವನ ಹೆಗಲಿಗೆ ಹೊದಿಸಿ, ಡಬ್ಬಿಯ ಮುಚ್ಚಳ ಬಿಚ್ಚಿ ಅವನ ಎಡಗೈಗೆ ಎಟುಕುವಂತೆ ಇಟ್ಟ.

"ಉಣ್ಣು ಕಣ್ಲಾ. ನಿಮ್ಮತ್ತಿಗೆ ಅವರೆಕಾಳು ಸಾರು ಮಾಡವ್ಳೆ. ಒಂದು ದಿನದಲ್ಲೇ ಸೊರಗೋಗಿದ್ದೀಯಲ್ಲ."

ಶೈಲಶ್ರೀ ಎದ್ದು ಹೋಗಿ ಅಣ್ಣನ ಮುಂದೆ ಅಂಗೈ ಚಾಚಿದಳು. ಹೊಸ ಅರಿಶಿನದ ಆ ನಟ್ಟನ್ನು ಅವನು ಬಗ್ಗಿ ನೋಡಿದ. ಬೆರಳಿನಿಂದ ಮುಟ್ಟಿಯೂ ನೋಡಿದ. ಮುಟ್ಟಲು ಅವನಿಗೆ ಯಾವ ಅಳುಕೂ ಇರಲಿಲ್ಲ.

"ಇದನ್ನ ಒತ್ತಿದ್ದು ನೀನು," ಎಂದಳು.

"ಹೂಂ."

ಸಿದ್ದೇಶ ಬಾಯಿಗೆ ಒಯ್ಯದೆ ತುತ್ತನ್ನು ಕಲಸುತ್ತ ಕೂತ.

"ಯಾಕಣ್ಣಾ?"

"ಜೋರು ಮಾಡ್ಬ್ಯಾಡ, ಏಳ್ತೀನಿ. ಶನ್ವಾರ ಇವರೆಲ್ಲ ಮಸಣಕ್ಕೋಗಿದ್ರು. ಆ ಕಂಬ್ಳಿ ಚೂರ ನಾನೂ ಕಣ್ಣಾರೆ ನೋಡನ ಅಂತ ಶೆಡ್ಗೋಗಿ ಕಾರಿನಡಿ ಗುಂಡಿಗಿಳ್ದೆ. ನೋಡಿದ್ರೆ ಶಾಫ್ಟಿಗೆ ನಟ್ಟೇ ಇಲ್ಲ. ಮೂರ್ನೂ ಬಿಚ್ಚಿ, ಗ್ರೀಸ್ ಡಬ್ಬಿ ಮುಚ್ಚಳದಲ್ಲಿ ಸಾಲಾಗಿ ಜೋಡ್ಸಿಟ್ಟಿದ್ರು." ಅವನ ದನಿ ಇಳಿಯಿತು. "ಈ ಮನೇಲಿ ಯಾರೋ ಕೊಲೆಗಾರ್ರಾಯ್ತಾ ಅವ್ರೆ ಅನ್ನುಸ್ತು. ಆಲು ಕುಡ್ದ ಮನೆ ಕಣವ್ವ. ತಡೀಬೇಕಲ್ಲ. ಅದೇ ನಟ್ಟ ಆಕಿ ಬಿಗಿದೆ. ಯಾರ್ಗೂ ಗೊತ್ತಾಗ್ಬಾರ್ದು ಅಂತ ನಮ್ಮನೆ ಕುಡಿಕೆ ತಂದು ಒತ್ತಿದೆ. ಅಷ್ಟೇ."

"ಅದೇ ಹಳೇ ನಟ್ಟು."

"ಬ್ಯಾರೆ ಎಲ್ಲಿತ್ತು?"

"ಅಣ್ಣಾ, ನಟ್ಟಿಲ್ಲದೆ ಹಾಗೇ ಬಿಟ್ಟಿದ್ದರೆ ಕಾರು ಶೆಡ್ಡಿನ ಬಾಗಿಲು ದಾಟುತ್ತಿರಲಿಲ್ಲ. ಶಾಫ್ಟು ಅಲ್ಲೇ ಬೀಳುತ್ತಿತ್ತು, ಯಾರಿಗೂ ಏನೂ ಆಗುತ್ತಿರಲಿಲ್ಲ. ನೀನು ಬಿಗಿದದ್ದಕ್ಕೆ ಅದು ಘಾಟಿತನಕ ಹೋಯಿತು."

"ನಂಗೇನು ಗೊತ್ತವ್ವ, ಬಿಚ್ಚಿದ ನಟ್ಟು ನಿಲ್ಲಲ್ಲ ಅಂತ?"

ಸಿದ್ದೇಶ ತಲೆಯೆತ್ತಿ ಅವನನ್ನು ನೋಡಿದ. ಹೋದ ವರ್ಷ ಗೋಡೆಗೆ ಬಡಿದ ಪುಲ್ಲಿಯ ಮಾತನ್ನು ಶೈಲಶ್ರೀಯೂ ಆಡಲಿಲ್ಲ. ಆಡಿದರೆ ಅಣ್ಣ ಗೊತ್ತಿದ್ದೇ ಬಿಗಿದ ಎಂಬುದು ನಿಜವಾಗಿಬಿಡುತ್ತಿತ್ತು.

"ಕಾರು ಒಯ್ಯುವಾಗ ಅವನನ್ನ ನೀನು ನೋಡಿದೆಯಾ?"

"ಇಲ್ಲವ್ವ, ನಾನು ಬಂದ್ಬುಟ್ಟಿದ್ದೆ. ಕೀ ಮೊಳೇಲಿತ್ತಲ್ಲ, ಅವನೇ ತಕಂಡೋದ. ಬಿಚ್ಚಿದ್ದು ಯಾರು ಅಂತ ಬೇಕಾದ್ರೆ ಕೇಳು. ಗಂಡಸ್ರೆಲ್ಲ ಮಸಣದಲ್ಲಿದ್ರು."

"ಬಿಚ್ಚಿದ್ದು ನಾನು."

ಗೇಟಿನ ಬಳಿ ಪ್ರೇಮ ನಿಂತಿದ್ದಳು, ಸಿದ್ದೇಶನ ಹೆಂಡತಿ. ಬುತ್ತಿಯ ಗಂಟು ಎದೆಗೆ ಅವಚಿಕೊಂಡಿದ್ದಳು. ಹನ್ನೊಂದು ತಿಂಗಳು ಅತ್ತೆಯ ಮಲಮೂತ್ರ ಬಳಿದ ಹೆಣ್ಣು. ಗಂಡನ ಜೊತೆ ಶೆಡ್ಡಿನಲ್ಲಿ ಸ್ಪ್ಯಾನರ್ ಹಿಡಿದು ಪಳಗಿದ ಕೈ. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದಳೋ.

"ಪ್ರೇಮಾ, ಸುಮ್ಕಿರು," ಎಂದ ಸಿದ್ದೇಶ. ಬೇಡಿ ಕಂಬಿಗೆ ಬಡಿದು ಸದ್ದಾಯಿತು. ಇಷ್ಟು ಹೊತ್ತು ಅವನು ಕಾಪಾಡುತ್ತಿದ್ದದ್ದು ಅಣ್ಣಯ್ಯನನ್ನಲ್ಲ, ಇವಳನ್ನು ಎಂದು ಶೈಲಶ್ರೀಗೆ ಆಗ ಅರಿವಾಯಿತು.

"ಸುಮ್ಕಿದ್ದಿದ್ದು ಸಾಕು. ಮನೆ ಸಾರ್ಸಕೆ ಅಂತ ಉಳ್ಕಂಡೆ. ನಮ್ಮತ್ತೆ ಕಂಬ್ಳಿ ಅದ್ರೊಳ್ಗದೆ, ಪೊಲೀಸ್ನೋರು ನೋಡೋಗಂಟ ಕಾರು ಅಲ್ಲೇ ಬಿದ್ದಿರ್ಲಿ ಅಂತ ಬಿಚ್ದೆ. ಕೊಲ್ಲಕಲ್ಲ ಅಕ್ಕಾ. ಕೊಲ್ಲಂಗಿದ್ರೆ ನಟ್ಟ ಮುಚ್ಚಳದಲ್ಲಿ ಯಾಕೆ ಎತ್ತಿಡ್ತಿದ್ದೆ?"

ಅವಳು ಒಳಗೆ ಬಂದಳು. ಶೈಲಶ್ರೀಯನ್ನು ದಾಟಿ ಉಮಾಶಂಕರನ ಎದುರಿಗೆ ನಿಂತಳು.

"ಕೀ ಮೊಳೇಲಿರ್ಲಿಲ್ಲ ಅಣ್ಣಯ್ಯ. ಅದ್ನೂ ತಕಂಡು ನಿಮ್ಮನೆ ಬಾಗ್ಲಿಗೇ ಬಂದ್ನಲ್ಲ. ನಾನು ಸೂತಕದೋಳು ಒಳೀಕೆ ಬರಲ್ಲ, ಇಡ್ಕಳಿ, ಯಾರು ಕೇಳಿದ್ರೂ ಕೊಡ್ಬ್ಯಾಡಿ ಅಂತ ನಿಮ್ಮ ಕೈಲೇ ಕೊಟ್ನಲ್ಲ." ಅವಳು ಬುತ್ತಿಯ ಗಂಟನ್ನು ನೆಲಕ್ಕೆ ಇಟ್ಟಳು. "ಆ ಮನ್ಸಂಗೆ ಕೊಟ್ಟೋರು ಯಾರು?"

ಉಮಾಶಂಕರ್ ಸಿದ್ದೇಶನ ಹೆಗಲಿನಿಂದ ಜಾರುತ್ತಿದ್ದ ಸ್ವೆಟರನ್ನು ಬಗ್ಗಿ ಸರಿಮಾಡಿದ.

"ಮೇಡಂ," ದಯಾನಂದ್ ಜಗುಲಿಯಿಂದ ಕೂಗಿದ. "ಟೈಮ್ ಆಚ್ಚು. ಏನು ಬರೆಯಲಿ? ಮೆಕ್ಯಾನಿಕ್ ತಪ್ಪಾ, ಬೇರೆಯಾ?"

ಶೈಲಶ್ರೀಯ ಒಂದು ಕೈಯಲ್ಲಿ ನಟ್ಟಿತ್ತು, ಇನ್ನೊಂದರಲ್ಲಿ ಕಂಬಳಿಯ ಚೂರು. ಅಣ್ಣ ಅವಳ ಹತ್ತಿರಕ್ಕೆ ಬಂದ. ಚಿಕ್ಕಂದಿನಲ್ಲಿ ಅವಳ ಜ್ವರ ನೋಡುತ್ತಿದ್ದ ಹಾಗೆ ಅವಳ ತಲೆಯ ಮೇಲೆ ಕೈ ಇಟ್ಟ. ಮೆಲ್ಲಗೆ, ಅವಳಿಗೆ ಮಾತ್ರ ಕೇಳಲಿ ಎಂಬ ಹಾಗೆ, ಆದರೆ ಎಲ್ಲರಿಗೂ ಕೇಳುವಷ್ಟು ಸ್ಪಷ್ಟವಾಗಿ ಹೇಳಿದ.

"ಶೈಲಾ, ಸಿದ್ದ ಆಗ್ಲೇ ಒಪ್ಕಂಡವ್ನಲ್ಲ."

ಸಿದ್ದೇಶ ಬಾಯಿಯ ತನಕ ಒಯ್ದ ತುತ್ತನ್ನು ಡಬ್ಬಿಯೊಳಕ್ಕೆ ವಾಪಸು ಇಟ್ಟ.